ಹನ್ನೆರಡನೇ ಬೆಡ್ಡಿನ ಆಶಾ

ಆಶಾರಾಣಿ ನರ್ಸ್ ಆದದ್ದೇ ಒಂದು ಗಲಿಬಿಲಿಯಿಂದ. ಅವಳಪ್ಪ ಸಿದ್ದಗಂಗಯ್ಯ ಕಳ್ಳಂಬೆಳ್ಳದ ಪಂಚಾಯಿತಿಯಲ್ಲಿ ವಾಟರ್‌ಮನ್ ಆಗಿದ್ದವನು. ಮಗಳು ಪಿಯುಸಿ ಮುಗಿಸಿದ ವರ್ಷ ಟೀಚರ್ ಟ್ರೈನಿಂಗಿನ ಅರ್ಜಿ ತರುತ್ತೇನೆಂದು ಶಿರಾಕ್ಕೆ ಹೋದವನು ಸಂಜೆ ನರ್ಸಿಂಗ್ ಅರ್ಜಿ ಹಿಡಿದುಕೊಂಡು ಬಂದ.

"ಜೆರಾಕ್ಸ್ ಅಂಗಡೀಲಿ ಟ್ರೈನಿಂಗ್ ಅರ್ಜಿ ಕೊಡಪ್ಪ ಅಂದೆ, ಇದ್ನೇ ಕೊಟ್ಟ ಕಣವ್ವ. ಈಗೇನು, ತಂದ್ಬುಟ್ಟಿದೀನಿ, ಹಾಕ್ಬುಡು. ಇದೂ ಸರ್ಕಾರಿ ಕೆಲಸಾನೇ ಅಲ್ವಾ?"

ಅವಳು ಅಳುತ್ತಲೇ ಅರ್ಜಿ ತುಂಬಿದಳು. ತುಮಕೂರಿನಲ್ಲಿ ಓದಿದಳು. ಮೊದಲ ವಾರ ರಕ್ತ ನೋಡಿ ತಲೆಸುತ್ತಿ ಬಿದ್ದಳು, ಮೂರನೇ ತಿಂಗಳಿಗೆ ಬೇರೆಯವರು ತಲೆಸುತ್ತಿ ಬಿದ್ದರೆ ಹಿಡಿದುಕೊಳ್ಳುವಷ್ಟಾದಳು. ಮಧುಗಿರಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಕೊರಟಗೆರೆಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಪ್ರಸನ್ನ ಕುಮಾರನನ್ನು ಮದುವೆಯಾಗಿ, ಮಧುಗಿರಿಯಲ್ಲೇ ಬಾಡಿಗೆಗೆ ಮಹಡಿ ಮನೆ ಹಿಡಿದು, ಶರಣ್ಯಾ ಎಂಬ ಮಗಳನ್ನು ಹೆತ್ತಳು. ಹೀಗೆ ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ, ತಾನು ಟೀಚರ್ ಆಗಬೇಕೆಂದಿದ್ದವಳು ಎಂಬುದೇ ಅವಳಿಗೆ ಯಾರೋ ಹೇಳಿದ ಬೇರೆಯವರ ಮಾತಿನಂತಾಗಿತ್ತು. ಆಮೇಲೆ ಕೊರೊನಾ ಬಂತು.

ಮೊದಲ ವರ್ಷ ಕೆಳಮನೆಯ ಓನರ್ ಶಂಕರಲಿಂಗಪ್ಪ ಮೇಷ್ಟ್ರು ಬೀದಿಯವರನ್ನೆಲ್ಲ ಸೇರಿಸಿ ಅವಳು ಡ್ಯೂಟಿ ಮುಗಿಸಿ ಬರುವಾಗ ಚಪ್ಪಾಳೆ ಹೊಡೆಸಿದ್ದರು. ಎರಡನೇ ವರ್ಷ, ಕಾಯಿಲೆ ಮನೆಮನೆಗೂ ನುಗ್ಗಿದ ಏಪ್ರಿಲ್ ಕೊನೆಯಲ್ಲಿ, ಅದೇ ಮೇಷ್ಟ್ರು ಗೇಟಿನ ಹತ್ತಿರ ದೂರ ನಿಂತು, "ನೋಡಮ್ಮ, ಬೇಜಾರು ಮಾಡ್ಕೋಬೇಡ. ಇವತ್ತಿಂದ ಹಿಂದಿನ ಮೆಟ್ಟಿಲಲ್ಲಿ ಓಡಾಡು. ಮನೇಲಿ ಇವಳಿಗೆ ಆಸ್ತಮಾ," ಎಂದರು. ಅವಳಿಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಗ್ಗೆ ಹಿಂದಿನ ಮೆಟ್ಟಿಲಿಳಿದರೆ, ಕೊನೆಯ ಮೆಟ್ಟಿಲ ಮೇಲೆ ತಟ್ಟೆ ಮುಚ್ಚಿದ ಲೋಟದಲ್ಲಿ ಬಿಸಿ ಕಷಾಯ. ಅದರ ಮಾರನೆಯ ದಿನವೂ ಇತ್ತು. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ಕೈ ಮುಗಿಯಬೇಕೋ ಎಂದು ತೋಚದೆ ಅವಳು ದಿನಾ ಕಷಾಯ ಕುಡಿದು, ಲೋಟ ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದಳು.

ಆಸ್ಪತ್ರೆಯಲ್ಲೂ ಯಾವುದು ಸರಿಯೆಂದು ತಿಳಿಯುತ್ತಿರಲಿಲ್ಲ. ಬೆಳಗಾದರೆ ವಾಟ್ಸಾಪಿನಲ್ಲಿ ಹೊಸ ಆದೇಶ. ನಿನ್ನೆ ಎಲ್ಲರಿಗೂ ಕೊಡಿ ಎಂದಿದ್ದ ಮಾತ್ರೆಯನ್ನು ಇವತ್ತು ಯಾರಿಗೂ ಕೊಡಬೇಡಿ. ಹದಿನಾಲ್ಕು ದಿನ ಬೇರೆ ಇರಬೇಕಾದ್ದು ಹತ್ತಾಯಿತು, ಏಳಾಯಿತು. ಬಿಳಿ ಕಿಟ್ ತೊಟ್ಟರೆ ಡಾಕ್ಟರು ಯಾರು, ನರ್ಸ್ ಯಾರು, ಗುಡಿಸುವವರು ಯಾರು ಎಂದು ಗೊತ್ತಾಗದೆ, ಒಬ್ಬರ ಬೆನ್ನ ಮೇಲೆ ಒಬ್ಬರು ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಆಶಾರಾಣಿಯ ಬೆನ್ನ ಮೇಲೆ ಬರೆಯುತ್ತಿದ್ದವಳು ಅನುಷಾ, ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ರೋಗಿಗಳ ಹೆಸರು ನೆನಪಿಡುವುದನ್ನೇ ಅನುಷಾ ಬಿಟ್ಟಿದ್ದಳು. ಕೊಳಾಲದ ಅಜ್ಜ, ತಾವರೆಕೆರೆ ಅಕ್ಕ ಎಂದು ಊರಿನ ಮೇಲೆಯೇ ಎಲ್ಲರನ್ನೂ ಕರೆಯುತ್ತಿದ್ದಳು. "ಊರು ಮರೆಯಲ್ಲಕ್ಕ. ಹೆಸರು ನೆನಪಿಟ್ಕೊಂಡ್ರೆ ಆಮೇಲೆ ಊಟ ಸೇರಲ್ಲ," ಎಂದು ಒಮ್ಮೆ ಹೇಳಿದ್ದಳು. ಶರಣ್ಯಾಳನ್ನು ಕಳ್ಳಂಬೆಳ್ಳದ ಅಜ್ಜಿ ಮನೆಗೆ ಕಳಿಸಿಯಾಗಿತ್ತು. ವಿಡಿಯೋ ಕಾಲಿನಲ್ಲಿ ಮಗು "ನಿನ್ನ ಮುಖದ ಮೇಲೆ ಯಾರಮ್ಮ ಗೆರೆ ಎಳೆದಿದ್ದು?" ಎಂದು ಕೇಳುತ್ತಿತ್ತು. ಕನ್ನಡಕದ ಪಟ್ಟಿ ಒತ್ತಿದ ಗುರುತು ಅದು.

ಮೇ ತಿಂಗಳ ಒಂದು ಮಂಗಳವಾರ ಬೆಳಗಿನ ಡ್ಯೂಟಿಯಲ್ಲಿ ಅವಳ ಕೈಗೆ ನಲವತ್ತು ರೋಗಿಗಳು. ಹೆಂಗಸರ ವಾರ್ಡಿನ ಹನ್ನೊಂದನೇ ಬೆಡ್ಡಿನಲ್ಲಿ ಪಾವಗಡದಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಚಿಕ್ಕಹನುಮಕ್ಕ ಇದ್ದರು. ಗಂಡ ಓಬಳಯ್ಯ ಎದುರಿನ ಗಂಡಸರ ವಾರ್ಡಿನಲ್ಲಿ. ಒಂದೇ ಆಟೋದಲ್ಲಿ ಬಂದು ಸೇರಿದ್ದ ದಂಪತಿ. ಹತ್ತು ಗಂಟೆಯ ಹೊತ್ತಿಗೆ ಓಬಳಯ್ಯನವರ ಆಕ್ಸಿಜನ್ ಮಟ್ಟ ಇಳಿಯತೊಡಗಿತು. ತುಮಕೂರಿಗೆ ಕಳಿಸಿ ಎಂದರು ಡಾಕ್ಟರು. ಆಂಬುಲೆನ್ಸಿಗೆ ಕಾಗದ ಮಾಡಿಸಲು ಓಡುತ್ತಿದ್ದ ಆಶಾರಾಣಿಯ ಕಿಟ್ಟಿನ ತುದಿಯನ್ನು ಹನ್ನೊಂದನೇ ಬೆಡ್ಡಿನ ಕೈ ಹಿಡಿದುಕೊಂಡಿತು.

"ಏಮಮ್ಮಾ, ನಮ್ಮೋರು ಎಂಗವ್ರೆ? ಎಲ್ಲಿಗೋ ಕರ್ಕೊಂಡೋಯ್ತಾರಂತೆ?"

"ತುಮಕೂರಿಗೆ ಅವ್ವ. ಅಲ್ಲಿ ದೊಡ್ಡ ಮಿಷನ್ ಇದೆ. ಒಂದು ಗಂಟೆ ಬಿಟ್ಟು ಬಂದು ಎಲ್ಲ ಹೇಳ್ತೀನಿ. ಫೋನು ತಂದು ಮಗನ ಹತ್ರನೂ ಮಾತಾಡಿಸ್ತೀನಿ. ಈಗ ಬಿಡಿ."

ಕೈ ಬಿಟ್ಟಿತು. ಓಬಳಯ್ಯನವರನ್ನು ಆಂಬುಲೆನ್ಸಿಗೆ ಹತ್ತಿಸಿ, ಬಾಗಿಲು ಹಾಕಿ ತಿರುಗಿದಾಗ ಅವಳಿಗೇ ಚಳಿ ಶುರುವಾಗಿತ್ತು. ಬಿಸಿಲಲ್ಲಿ ನಿಂತು ನಡುಗಿದಳು. ಕಿಟ್ ಬಿಚ್ಚಿಸಿ, ಸ್ವಾಬ್ ತೆಗೆದು, ಅನುಷಾ ಅವಳನ್ನು ಮನೆಗೆ ಕಳಿಸಿದಳು. ಒಂದು ಗಂಟೆ ಎಂದಿದ್ದ ಮಾತು ಅವಳ ತಲೆಯಿಂದಲೇ ಹಾರಿಹೋಯಿತು.

ಐದು ದಿನ ಮನೆಯ ಕೋಣೆಯಲ್ಲಿ ಕಳೆದಳು. ಪ್ರಸನ್ನ ಬಾಗಿಲ ಬುಡದಲ್ಲಿ ಗಂಜಿ ಇಟ್ಟು ಹೋಗುತ್ತಿದ್ದ. ಆರನೇ ದಿನ ಮೆಟ್ಟಿಲಿಳಿಯಲು ಹೋದವಳಿಗೆ ಮೂರನೇ ಮೆಟ್ಟಿಲಲ್ಲೇ ಉಸಿರು ಕಟ್ಟಿತು. ತನ್ನದೇ ಆಸ್ಪತ್ರೆ, ತನ್ನದೇ ವಾರ್ಡು. ಖಾಲಿ ಇದ್ದದ್ದು ಹನ್ನೆರಡನೇ ಬೆಡ್ಡು.

ಹದಿನಾಲ್ಕು ವರ್ಷ ನಿಂತು ನೋಡಿದ ವಾರ್ಡನ್ನು ಅವಳು ಮಲಗಿ ನೋಡಿರಲಿಲ್ಲ. ಕೆಳಗಿನಿಂದ ನೋಡಿದರೆ ಅದು ಬೇರೆಯದೇ ಜಾಗ. ಫ್ಯಾನಿನ ರೆಕ್ಕೆಯ ಮೇಲೆ ಅಷ್ಟು ಧೂಳಿದೆಯೆಂದು ಗೊತ್ತಿರಲಿಲ್ಲ. ಬಿಳಿ ಕಿಟ್ಟುಗಳು ಹತ್ತಿರ ಬರುತ್ತಿದ್ದವು, ಏನೋ ಮಾಡುತ್ತಿದ್ದವು, ಹೋಗುತ್ತಿದ್ದವು. ಮುಂದಿನಿಂದ ಬರುವವರ ಬೆನ್ನ ಮೇಲಿನ ಹೆಸರು ಮಲಗಿದವರಿಗೆ ಕಾಣುವುದು ಅವರು ತಿರುಗಿ ಹೋಗುವಾಗ ಮಾತ್ರ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಯಾರೋ "ಸಿಸ್ಟರ್, ಸಿಸ್ಟರ್" ಎಂದು ಕರೆದರೆ ಜ್ವರದ ಮಂಪರಿನಲ್ಲೇ "ಬಂದೆ" ಎನ್ನುತ್ತಿದ್ದಳು.

ಎರಡನೇ ದಿನ ಎದುರು ಬೆಡ್ಡಿನ ಪಾಪಕ್ಕ ಎಂಬ ಹೆಂಗಸು ಹೊರಳಿದಾಗ ಆಕ್ಸಿಜನ್ ಪೈಪು ಕಳಚಿ ಬಿತ್ತು. ಆಕೆ ಕರೆಯಲೂ ಆಗದೆ ಕೈ ಆಡಿಸಿದಳು. ಆಶಾರಾಣಿ ತನ್ನ ಮಾಸ್ಕ್ ಕಿತ್ತಿಟ್ಟು ಎದ್ದೇಬಿಟ್ಟಳು. ನಾಲ್ಕು ಹೆಜ್ಜೆ ನಡೆದು, ಪೈಪು ಸಿಕ್ಕಿಸಿ, ಪಾಪಕ್ಕನನ್ನು ಬೋರಲು ಮಲಗಿಸಿದಳು. ಅಷ್ಟರಲ್ಲಿ ಗೋಡೆ ಓಲಾಡಿದಂತಾಯಿತು. ಮಂಚದ ಕಂಬಿ ಹಿಡಿದು ಕುಸಿದವಳನ್ನು ಅನುಷಾ ಬಂದು ಎತ್ತಿದಳು.

"ಆಶಕ್ಕಾ! ನೀವೀಗ ಪೇಷಂಟು. ಯಾರು ಎದ್ದೇಳು ಅಂದ್ರು ನಿಮಗೆ?"

"ಯಾರೂ ಅನ್ಲಿಲ್ಲ ಕಣೆ. ಡ್ಯೂಟಿಲಿದೀನಿ ಅಂದ್ಕೊಂಡೆ."

ಇದನ್ನೆಲ್ಲ ಪಕ್ಕದ ಬೆಡ್ಡಿನಿಂದ ನೋಡುತ್ತಿದ್ದ ಹೆಂಗಸು ಅನುಷಾ ಹೋದ ಮೇಲೆ ಇತ್ತ ಹೊರಳಿ ಕೇಳಿದಳು: "ನೀನು ಆಶಾನಾ ಅಮ್ಮಾಯಿ? ನಮ್ಮೂರ್ ಆಶಾನೂ ಇಂಗೇ, ಮನೆಮನೆ ತಿರುಗಿ ತಿರುಗಿ ಬಿದ್ಕೊಂಡವ್ಳೆ. ಅದ್ಕೇ ನಿಂಗೆ ಈ ಕೆಲ್ಸ ಎಲ್ಲಾ ಗೊತ್ತು."

ಹಳ್ಳಿಗಳಲ್ಲಿ ಆಶಾ ಎಂದರೆ ಆರೋಗ್ಯ ಕಾರ್ಯಕರ್ತೆ. ಆಕೆ ಹಾಗೆಂದುಕೊಂಡಿದ್ದಾಳೆ ಎಂದು ಆಶಾರಾಣಿಗೆ ಅರ್ಥವಾಯಿತು. ತಿದ್ದಲು ಉಸಿರಿರಲಿಲ್ಲ. "ಹೂಂ ಅವ್ವ, ಆಶಾ," ಎಂದಳು. ಸುಳ್ಳೇನಲ್ಲ. ನಿಜವೂ ಅಲ್ಲ.

ಆ ಹೆಂಗಸು ಚಿಕ್ಕಹನುಮಕ್ಕ. ಕಿಟ್ಟಿನೊಳಗಿನಿಂದ ಮಂಜು ಕವಿದ ಕನ್ನಡಕದಲ್ಲಿ ನೋಡಿದ್ದ ಮುಖ ಇದೇ ಎಂದು ಆಶಾರಾಣಿಗೆ ತಕ್ಷಣ ಗೊತ್ತಾಗಲಿಲ್ಲ. ಚಿಕ್ಕಹನುಮಕ್ಕನಿಗಂತೂ ಗೊತ್ತಾಗುವ ಮಾತೇ ಇಲ್ಲ; ಆಕೆ ಕಂಡದ್ದು ಬಿಳಿ ಚೀಲವೊಂದನ್ನು.

ಇಬ್ಬರೂ ಮಾತಿಗೆ ಬಿದ್ದರು. ಮಾತೆಂದರೆ, ಒಬ್ಬಳು ಎರಡು ಮಾತಾಡಿ ಉಸಿರು ತೆಗೆದುಕೊಳ್ಳುವುದು, ಇನ್ನೊಬ್ಬಳು ಕಾಯುವುದು. ಚಿಕ್ಕಹನುಮಕ್ಕ ತನ್ನ ಪಾಲಿನ ಬಾಳೆಹಣ್ಣನ್ನು ಇವಳ ದಿಂಬಿನ ಪಕ್ಕ ಇಡುತ್ತಿದ್ದಳು. "ತಿನ್ನು, ಎಳೇ ಮಗು ಬುಟ್ಟು ಬಂದಿದೀಯ," ಎನ್ನುತ್ತಿದ್ದಳು. ಮಗ ನರಸಿಂಹರಾಜು ಸೋಲಾರ್ ಪ್ಲಾಂಟಿನಲ್ಲಿ ಪ್ಯಾನಲ್ ತೊಳೆಯುವ ಕೆಲಸದಲ್ಲಿದ್ದಾನೆ ಎಂದಳು. ಗಂಡನ ಹೆಸರು ಹೇಳದೆ "ನಮ್ಮೋರು" ಎನ್ನುತ್ತ ಗಂಡನ ಕೋಪ, ಗಂಡನ ಕೆಮ್ಮು, ಗಂಡನ ಬೀಡಿ ಎಲ್ಲವನ್ನೂ ಹೇಳಿದಳು. ಆಮೇಲೆ ನರ್ಸುಗಳ ಮೇಲೆ ತಿರುಗಿದಳು.

"ಎಲ್ರೂ ಒಂದೇ ಅಲ್ಲ ಬುಡು. ಆದ್ರೆ ಒಬ್ಬಳು ಇದ್ಲು ನೋಡು, ಕಲ್ಲೆದೆಯೋಳು. ಆವತ್ತು ನಮ್ಮೋರ್ನ ತುಮಕೂರಿಗೆ ಕಳ್ಸೋವಾಗ ಒಂದ್ ಗಂಟೆ ಬುಟ್ಟು ಬಂದು ಏಳ್ತೀನಿ, ಮಗನ್ ತಾವ ಮಾತಾಡುಸ್ತೀನಿ ಅಂದ್ಲು. ಅಷ್ಟೇ. ಬರ್ಲೇ ಇಲ್ಲ. ಎಂಟು ದಿನಾತು. ಬೆನ್ ಮೇಲೆ ಎಸ್ರು ಬರ್ದಿತ್ತು, ನಂಗೆ ಓದಾಕ್ ಬರ್ಬೇಕಲ್ಲ! ಓದಾಕ್ ಬಂದಿದ್ರೆ ಇಡ್ಕೊಂಡು ಕೇಳ್ತಿದ್ದೆ."

ಆಶಾರಾಣಿಗೆ ಆಗ ಆ ಮಂಗಳವಾರ ಇಡಿಯಾಗಿ ನೆನಪಿಗೆ ಬಂತು. ಕಿಟ್ಟಿನ ತುದಿ ಹಿಡಿದ ಕೈ, ತಾನು ಹೇಳಿದ "ಈಗ ಬಿಡಿ". ಅದು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದಳು. "ಆಕೆಗೂ ಕಾಯಿಲೆ ಬಂತೇನೋ ಅವ್ವ," ಎಂದು ಬಾಯಿಂದ ಹೊರಟಿತು. ಯಾಕೆ ಹಾಗೆ ಹೊರಟಿತೆಂದು ಅವಳಿಗೇ ತಿಳಿಯಲಿಲ್ಲ.

"ಬಂದಿದ್ರೆ ಬರ್ಲಿ," ಎಂದಳು ಚಿಕ್ಕಹನುಮಕ್ಕ. ಸ್ವಲ್ಪ ಹೊತ್ತಿನ ಮೇಲೆ, "ಚೆ, ಅಂಗ್ ಅನ್ಬಾರ್ದು. ಆವಮ್ಮಂಗೂ ಮಕ್ಳಿರ್ತಾವೆ," ಎಂದಳು.

ಮಧ್ಯಾಹ್ನ ಡ್ರಿಪ್ ಬದಲಿಸಲು ಬಂದ ಅನುಷಾಳ ಕೈಯನ್ನು ಆಶಾರಾಣಿ ಹಿಡಿದು ಪಿಸುಗುಟ್ಟಿದಳು. "ಓಬಳಯ್ಯ ಹೇಗಿದ್ದಾರೆ ಅಂತ ವಿಚಾರಿಸು." ಅನುಷಾ ಅವಳ ಕಿವಿಯ ಹತ್ತಿರ ಬಗ್ಗಿ, "ಪಾವಗಡದ ಅಜ್ಜನಾ? ಹೋದ್ರು ಅಕ್ಕ. ಐದು ದಿನ ಆಯ್ತು. ಮಗನೇ ಮಣ್ಣು ಮಾಡಿದ್ನಂತೆ. ಅಮ್ಮಂಗೆ ಚೇತರಿಸ್ಕೊಳ್ಳೋ ತನಕ ಹೇಳ್ಬೇಡಿ ಅಂತ ಫೋನಲ್ಲಿ ಅತ್ತು ಕೇಳ್ಕೊಂಡ. ಡಾಕ್ಟ್ರೂ ಅದನ್ನೇ ಅಂದ್ರು," ಎಂದಳು. ಡ್ರಿಪ್ಪಿನ ಹನಿ ಸರಿಮಾಡಿ ಮುಂದಿನ ಬೆಡ್ಡಿಗೆ ಹೋದಳು.

ನರ್ಸ್ ಆಗಿದ್ದಾಗ ಇಂಥದ್ದನ್ನು ಆಶಾರಾಣಿ ಎಷ್ಟೋ ಸಲ ಬಚ್ಚಿಟ್ಟಿದ್ದಳು. ಅದಕ್ಕೊಂದು ದಾರಿ ಇತ್ತು: ಡ್ಯೂಟಿ ಮುಗಿದರೆ ಕಿಟ್ಟಿನ ಜೊತೆ ಅದನ್ನೂ ಬಿಚ್ಚಿ ಬುಟ್ಟಿಗೆ ಹಾಕಿ ಮನೆಗೆ ಹೋಗುವುದು. ಇಲ್ಲಿ ಹೋಗುವುದೆಲ್ಲಿಗೆ? ಮೂರಡಿ ದೂರದಲ್ಲಿ ಆಕೆ ಮಲಗಿದ್ದಾಳೆ. ಹೇಳಿದರೆ ಆಕೆಯ ಉಸಿರು ಇನ್ನೂ ಕುಸಿಯಬಹುದು. ಹೇಳದಿದ್ದರೆ, ದಿಂಬಿನ ಪಕ್ಕ ಆಕೆ ಇಟ್ಟ ಬಾಳೆಹಣ್ಣು ತಿನ್ನುವುದು ಹೇಗೆ?

ಅದೇ ಸಂಜೆ ಚಿಕ್ಕಹನುಮಕ್ಕ ಕೇಳಿದಳು. "ಅಮ್ಮಾಯಿ, ನರ್ಸುಗಳು ನಿನ್ ತಾವ ಚೆಂದಾಗಿ ಮಾತಾಡ್ತಾರೆ. ನಮ್ಮೋರು ಎಂಗವ್ರೆ ಅಂತ ನೀನಾದ್ರೂ ಕೇಳ್ಬುಟ್ಟು ಏಳು. ನನ್ ತಾವ ಎಲ್ರೂ ಚೆನ್ನಾಗವ್ರೆ, ಚೆನ್ನಾಗವ್ರೆ ಅಂತಾರೆ. ನೀನು ನನ್ನಂಗೇ ಮಲಗಿರೋಳು, ನೀನು ಸುಳ್ಳೇಳಕಿಲ್ಲ."

"ಕೇಳಿದೆ ಅವ್ವ," ಎಂದಳು ಆಶಾರಾಣಿ. "ತುಮಕೂರಿನ ಸುದ್ದಿ ಇಲ್ಲಿಯವರಿಗೆ ಸರಿಯಾಗಿ ಗೊತ್ತಾಗಲ್ಲವಂತೆ."

ಚಿಕ್ಕಹನುಮಕ್ಕನ ಕಣ್ಣಿನಿಂದ ನೀರು ಇಳಿಯಿತು. ಆಶಾರಾಣಿಗೂ ಅಳು ಬಂತು. ಆಕೆ ಕೈ ಚಾಚಿ ಇವಳ ಕೈ ಹಿಡಿದುಕೊಂಡಳು. "ನೀನ್ಯಾಕೆ ಅಳ್ತೀಯ ಕೂಸೆ, ನಿಂಗೇನೂ ಆಗಾಕಿಲ್ಲ ಬುಡು," ಎಂದು ಸಮಾಧಾನ ಮಾಡಿದಳು.

ನಾಲ್ಕು ದಿನಕ್ಕೆ ಚಿಕ್ಕಹನುಮಕ್ಕನನ್ನು ಮನೆಗೆ ಕಳಿಸಿದರು. ಹೊರಡುವಾಗ ಆಕೆ ಎರಡು ಸಲ ತಿರುಗಿ ನೋಡಿದಳು. ಆಶಾರಾಣಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

ಜೂನ್ ಕೊನೆಗೆ ಅವಳು ಮತ್ತೆ ಡ್ಯೂಟಿಗೆ ಹೋದಳು. ವಾರ್ಡು ಖಾಲಿಯಾಗುತ್ತಾ ಬಂದಿತ್ತು. ಮಗಳು ಮನೆಗೆ ಬಂದಳು. ಮೇಷ್ಟ್ರು ಮುಂದಿನ ಮೆಟ್ಟಿಲಲ್ಲೇ ಬಾರಮ್ಮ ಎಂದರು. ಎಲ್ಲವೂ ಮೊದಲಿನಂತೆ ಆಗುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಮಂಚದ ಪಕ್ಕ ನಿಂತು ಬಿಪಿ ನೋಡುತ್ತಿದ್ದರೆ, ಇದ್ದಕ್ಕಿದ್ದಂತೆ ಮಲಗಿರುವವಳು ತಾನೇ ಅನ್ನಿಸುತ್ತಿತ್ತು. ಅಂಕಿ ಮರೆತು ಮತ್ತೆ ನೋಡುತ್ತಿದ್ದಳು. "ಆಮೇಲೆ ಬರ್ತೀನಿ" ಎಂಬ ಮಾತು ಅವಳ ಬಾಯಿಂದ ಹೊರಡುವುದೇ ನಿಂತಿತು. ಅನುಷಾಳನ್ನು ಕೇಳಿದಳು: "ಹೇಳದೇ ಇದ್ದದ್ದು ಸರೀನಾ?"

"ನರ್ಸ್ ಆಗಿ ಸರಿ ಅಕ್ಕ."

"ನಾನಾಗ ನರ್ಸ್ ಆಗಿರಲಿಲ್ಲವಲ್ಲೇ."



ಅಕ್ಟೋಬರಿನ ಒಂದು ಭಾನುವಾರ, ಹಳೆಯ ಫೈಲಿನಿಂದ ಊರಿನ ಹೆಸರು ಬರೆದುಕೊಂಡು, ಪ್ರಸನ್ನನ ಬೈಕ್ ಹತ್ತಿದಳು. "ಹೋಗಿ ಏನು ಹೇಳ್ತೀಯ?" ಎಂದು ಅವನು ದಾರಿಯುದ್ದಕ್ಕೂ ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಪಾವಗಡ ದಾಟಿದ ಮೇಲೆ ದಾರಿ ಕೇಳಿದವರೆಲ್ಲ ಅರ್ಧ ತೆಲುಗಿನಲ್ಲಿ ಉತ್ತರ ಕೊಟ್ಟರು. ಇವರು ಎರಡು ಸಲ ದಾರಿ ತಪ್ಪಿದರು.

ಕಡಲೆಕಾಯಿ ಕಿತ್ತ ಕಾಲ. ಚಿಕ್ಕಹನುಮಕ್ಕ ಮನೆ ಮುಂದಿನ ಚಪ್ಪರದಲ್ಲಿ ಗಿಡದ ರಾಶಿಯೆದುರು ಕೂತು ಕಾಯಿ ಬಿಡಿಸುತ್ತಿದ್ದಳು. ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ನಮ್ ಆಶಾ ಬಂದವ್ಳೆ!" ಎಂದು ಎದ್ದೇಬಿಟ್ಟಳು. ನರಸಿಂಹರಾಜು ಚಾಪೆ ಹಾಸಿದ. ಮಜ್ಜಿಗೆ ಬಂತು. ಒಳಗೆ ಗೋಡೆಯ ಮೇಲೆ ಓಬಳಯ್ಯನವರ ಫೋಟೋಗೆ ಹಾರ ಹಾಕಿತ್ತು.

"ನೋಡ್ದಾ," ಎಂದಳು ಆಕೆ, "ಎಲ್ರಿಗೂ ಗೊತ್ತಿತ್ತು. ಮಗಂಗೂ ಗೊತ್ತಿತ್ತು, ನರ್ಸುಗಳ್ಗೂ ಗೊತ್ತಿತ್ತು. ಗೊತ್ತಿಲ್ದೆ ನನ್ ಜೊತೆ ಅತ್ತೋಳು ನೀನೊಬ್ಳೇ. ಅದ್ನೇ ಎಲ್ರಿಗೂ ಏಳ್ತೀನಿ."

ಆಶಾರಾಣಿ ಮಜ್ಜಿಗೆ ಲೋಟ ಕೆಳಗಿಟ್ಟಳು. ಒಂದು ಗಿಡ ಎತ್ತಿಕೊಂಡು ಕಾಯಿ ಬಿಡಿಸತೊಡಗಿದಳು, ತಲೆ ಎತ್ತಿ ಹೇಳುವುದು ಸಾಧ್ಯವಿರಲಿಲ್ಲ. "ಅವ್ವ, ನಾನು ಊರಿನ ಆಶಾ ಅಲ್ಲ. ನನ್ನ ಹೆಸರು ಆಶಾರಾಣಿ. ಅದೇ ಆಸ್ಪತ್ರೆ ನರ್ಸು. ಒಂದು ಗಂಟೆ ಬಿಟ್ಟು ಬರ್ತೀನಿ ಅಂದು ಬರದೇ ಹೋದವಳು ನಾನೇ. ಆವತ್ತೇ ನನಗೆ ಜ್ವರ ಬಂತು, ಮರೆತೆ. ನೀವು ಕೇಳಿದ ದಿನ... ಆ ಮಧ್ಯಾಹ್ನವೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ."

ಚಿಕ್ಕಹನುಮಕ್ಕನ ಕೈ ನಿಂತಿತು. ನರಸಿಂಹರಾಜು, "ಅಮ್ಮ, ನಾನೇ ಬ್ಯಾಡ ಅಂದಿದ್ದೆ, ಇವರದ್ದೇನೂ ತಪ್ಪಿಲ್ಲ," ಎಂದ. ಆಕೆ ಮಗನ ಕಡೆ ನೋಡಲಿಲ್ಲ. ಮಡಿಲಿನ ಕಾಯಿ ಸುರಿದು ಎದ್ದು ಒಳಗೆ ಹೋದಳು. ಪ್ರಸನ್ನ ಹೋಗೋಣ ಎಂದು ಕಣ್ಣಲ್ಲೇ ಕೇಳಿದ. ಆಶಾರಾಣಿ ಕೂತೇ ಇದ್ದಳು. ಆ ರಾಶಿಯಿಂದ ಇನ್ನೂ ಐದಾರು ಗಿಡದ ಕಾಯಿ ಬಿಡಿಸಿದಳು.

ಆಮೇಲೆ ಆಕೆ ಬಂದು ಹೊಸಲಿನ ಮೇಲೆ ಕೂತಳು. "ಅವ್ರನ್ನ ಗಾಡಿ ಅತ್ತುಸ್ದೋಳೂ ನೀನೇನಾ?"

"ಹೂಂ ಅವ್ವ."

"ಏನಾದ್ರೂ ಅಂದ್ರಾ? ಈಗಾದ್ರೂ ಇದ್ದಂಗೇ ಏಳು."

ಆಶಾರಾಣಿ ನೆನಪು ಮಾಡಿಕೊಂಡಳು. ನಿಮ್ಮನ್ನು ಕೇಳಿದರು ಎಂದು ಹೇಳುವುದು ಸುಲಭವಿತ್ತು. "ಉಸಿರು ಕಮ್ಮಿ ಆದಾಗ ಗ್ಯಾನ ಸರಿ ಇರಲ್ಲ ಅವ್ವ. ಆಸ್ಪತ್ರೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಇದು ಪಾವಗಡದ ಬಸ್ಸಾ ಅಂತ ಕೇಳಿದ್ರು. ಹೌದು ಅಜ್ಜ ಅಂದೆ. ಕಿಟಕಿ ಪಕ್ಕ ಜಾಗ ಐತಾ ಅಂದ್ರು."

ಚಿಕ್ಕಹನುಮಕ್ಕನ ಭುಜ ಕುಲುಕಿತು. ಅಳುವೋ ನಗುವೋ ಮೊದಲಿಗೆ ತಿಳಿಯಲಿಲ್ಲ, ಎರಡೂ ಇತ್ತು. "ಕಿಟ್ಕಿ ಪಕ್ಕ ಬುಟ್ರೆ ಕೂರ್ತಿರ್ಲಿಲ್ಲ ಕಣಮ್ಮ. ವಾಂತಿ ಬತ್ತಿತ್ತು ಅವ್ರಿಗೆ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಉಂಡೋಗು," ಎಂದು ಎದ್ದಳು.

ಮುದ್ದೆ, ಹುರುಳಿಸಾರು ಬಡಿಸಿದಳು. ಆದರೆ ಅಮ್ಮಾಯಿ ಎಂದು ಮತ್ತೆ ಕರೆಯಲಿಲ್ಲ. ಹೊರಡುವಾಗ ಕಡಲೆಕಾಯಿ ಗಂಟನ್ನು ಮಗನ ಕೈಯಲ್ಲಿ ಕೊಡಿಸಿದಳು, ತಾನು ಚಪ್ಪರ ಬಿಟ್ಟು ಬರಲಿಲ್ಲ. ಬೈಕಿನ ಹಿಂದೆ ಗಂಟು ತಬ್ಬಿ ಕೂತ ಆಶಾರಾಣಿಗೆ, ಇದು ಕ್ಷಮೆಯೋ, ಮನೆಗೆ ಬಂದ ಯಾರಿಗಾದರೂ ಕೊಡುವ ಕಾಯಿಯೋ ಬಗೆಹರಿಯಲಿಲ್ಲ. ಪ್ರಸನ್ನನನ್ನು ಕೇಳಿದರೆ, "ಎರಡೂ ಇರಬಹುದು," ಎಂದ. ಅದರಿಂದ ಅವಳಿಗೇನೂ ಹಗುರವಾಗಲಿಲ್ಲ.

ಜನವರಿಯಲ್ಲಿ ಕಾಯಿಲೆ ಮೂರನೇ ಸಲ ಬಂತು. ಒಂದು ಬೆಳಗ್ಗೆ ಡ್ಯೂಟಿಗೆ ಹೊರಡುವಾಗ ಗುರುತಿಲ್ಲದ ನಂಬರಿನಿಂದ ಫೋನು.

"ನಾನು ಕಣಮ್ಮ, ಚಿಕ್ಕಹನುಮಕ್ಕ. ನರಸಿಂಹನ ಫೋನಿಂದ ಮಾಡ್ದೆ, ನಿನ್ ನಂಬ್ರ ಆಸ್ಪತ್ರೇಲಿ ಕೇಳಿ ಇಸ್ಕೊಂಡ. ನಿನ್ನೆಯಿಂದ ಜ್ವರ ಐತೆ. ಮತ್ತೆ ಅದೇನಾ? ಆಸ್ಪತ್ರೆಗೆ ಸೇರ್ಬೇಕಾ? ಇದ್ದಂಗೇ ಏಳು."

ಆಶಾರಾಣಿ ಮೆಟ್ಟಿಲ ಮೇಲೆ ಕೂತಳು. ಕೆಮ್ಮು ಇದೆಯಾ, ನಡೆದರೆ ಏದುಸಿರು ಬರುತ್ತದಾ, ಎರಡು ಡೋಸೂ ಹಾಕಿಸಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. "ನನಗೂ ಗೊತ್ತಿಲ್ಲ ಅವ್ವ," ಎಂದಳು. "ಟೆಸ್ಟ್ ಮಾಡಿಸದೆ ಯಾರಿಗೂ ಗೊತ್ತಾಗಲ್ಲ. ಊರಿನ ಆಶಾ ಹತ್ರ ಬೆರಳಿಗೆ ಹಾಕೋ ಮಿಷನ್ ಇರುತ್ತೆ, ನೋಡಿಸಿ, ಎಷ್ಟು ಬಂತು ಅಂತ ಹತ್ತು ಗಂಟೆಯೊಳಗೆ ಫೋನ್ ಮಾಡಿ. ಮಾಡದಿದ್ದರೆ ನಾನೇ ಮಾಡ್ತೀನಿ."

"ಆಯ್ತು," ಎಂದಳು ಚಿಕ್ಕಹನುಮಕ್ಕ. "ಗೊತ್ತಿಲ್ಲ ಅಂತ ಏಳಿದ್ಯಲ್ಲ, ಅದೇ ವಾಸಿ."

ಹತ್ತಕ್ಕೆ ಐದು ನಿಮಿಷ ಇರುವಾಗ ನರಸಿಂಹರಾಜುವಿನ ಫೋನು ಬಂತು. ಆಕ್ಸಿಜನ್ ತೊಂಬತ್ತೇಳು, ಭಯವಿಲ್ಲ. ಟೆಸ್ಟಿನಲ್ಲಿ ಕೊರೊನಾ ಎಂದೇ ಬಂತು. ಆದರೆ ಜ್ವರ ಮೂರು ದಿನ ಇದ್ದು ಇಳಿಯಿತು. ಆ ಮೂರು ದಿನವೂ ಬೆಳಗ್ಗೆ ಹತ್ತಕ್ಕೆ ಫೋನು ಬರುತ್ತಿತ್ತು. ನಾಲ್ಕನೇ ದಿನ ಜ್ವರವಿಲ್ಲದಿದ್ದರೂ ಬಂತು. ಆವತ್ತು ಚಿಕ್ಕಹನುಮಕ್ಕ ಶರಣ್ಯಾಳ ಶಾಲೆಯ ವಿಚಾರ ಕೇಳಿದಳು.